ತಪ್ಪಿನ ಪಕ್ಕದಲ್ಲಿ ಬರೆದ ಕನ್ನಡ

‘ಐ ಹ್ಯಾವ್ ಬೀನ್ ಪ್ರಿಪೇರಿಂಗ್ ಫಾರ್ ದಿಸ್ ಎಕ್ಸಾಮ್ ಫ್ರಮ್ ಟೂ ಇಯರ್ಸ್.’

ಇಂಗ್ಲಿಷ್ ವಿಭಾಗವೂ ಇದ್ದ ಪರೀಕ್ಷೆಯೊಂದಕ್ಕೆ ತಯಾರಾಗುತ್ತಾ ಬರೆದ ಮಾಕ್ ಟೆಸ್ಟ್‌ನಲ್ಲಿ, ಅಂದರೆ ಅಭ್ಯಾಸದ ಪರೀಕ್ಷೆಯಲ್ಲಿ, ಬಂದ ವಾಕ್ಯ ಇದು. ಎರರ್ ಸ್ಪಾಟಿಂಗ್ ಪ್ರಶ್ನೆ. ವಾಕ್ಯವನ್ನು ತುಂಡು ತುಂಡು ಮಾಡಿ ಕೊಟ್ಟಿರುತ್ತಾರೆ. ತಪ್ಪು ಯಾವ ತುಂಡಿನಲ್ಲಿದೆ ಅಂತ ಹುಡುಕಬೇಕು. ಎಲ್ಲೂ ಇಲ್ಲ ಅನ್ನಿಸಿದರೆ ‘ನೋ ಎರರ್’ ಅಂತ ಗುರುತು ಹಾಕಬೇಕು. ನಾನು ಎರಡು ಸಲ ಓದಿದೆ. ಎರಡು ಸಲವೂ ವಾಕ್ಯ ಎಲ್ಲೂ ತಡೆಯದೆ ಓದಿಸಿಕೊಂಡು ಹೋಯಿತು. ‘ನೋ ಎರರ್’ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ.

ಉತ್ತರ ನೋಡಿದರೆ ‘ಫ್ರಮ್’ ತಪ್ಪು. ಅಲ್ಲಿ ‘ಫಾರ್’ ಬರಬೇಕಿತ್ತು. ಎಷ್ಟು ಕಾಲ ಅಂತ ಹೇಳುವಾಗ ‘ಫಾರ್’, ಯಾವಾಗ ಶುರುವಾಯಿತು ಅಂತ ಹೇಳುವಾಗ ‘ಸಿನ್ಸ್’. ಈ ನಿಯಮ ನನಗೆ ಗೊತ್ತಿರಲಿಲ್ಲವಾ? ಬಾಯಿಪಾಠ ಇತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಆದರೂ ಕಣ್ಣೆದುರಿಗೇ ಇದ್ದ ತಪ್ಪು ಕಾಣಲಿಲ್ಲ. ಆ ದಿನ ಇಂಗ್ಲಿಷ್ ವಿಭಾಗದ 25 ಪ್ರಶ್ನೆಗಳಲ್ಲಿ 11 ತಪ್ಪಾಗಿದ್ದವು. ಅದರಲ್ಲಿ ಹೆಚ್ಚಿನವು ಹೀಗೇ, ನಿಯಮ ಗೊತ್ತಿದ್ದೂ ತಪ್ಪಿದವು.

ರಾತ್ರಿ ಆ ವಾಕ್ಯವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಯಾಕೋ ಏನೋ, ಅದರ ಕೆಳಗೆ ಅದೇ ಮಾತನ್ನು ಕನ್ನಡದಲ್ಲಿ ಬರೆದೆ. ‘ಎರಡು ವರ್ಷದಿಂದ ತಯಾರಿ ಮಾಡ್ತಾ ಇದ್ದೀನಿ.’ ಬರೆದ ಮೇಲೆ ‘ಇಂದ’ದ ಮೇಲೆ ಕಣ್ಣು ನಿಂತಿತು. ನನ್ನ ತಲೆಯಲ್ಲಿ ‘ಇಂದ’ ಅಂದರೆ ‘ಫ್ರಮ್’. ಪರೀಕ್ಷೆಯ ವಾಕ್ಯ ನನ್ನ ಕಿವಿಗೆ ಸರಿ ಅನ್ನಿಸಿದ್ದು ಅಜಾಗರೂಕತೆಯಿಂದ ಅಲ್ಲ. ಅದರ ಹಿಂದೆ ಒಂದು ಸರಿಯಾದ ಕನ್ನಡ ವಾಕ್ಯ ಕೂತಿತ್ತು.

ಆಮೇಲೆ ಸುಮ್ನೆ ಕೂತು ‘ಇಂದ’ ಎಲ್ಲೆಲ್ಲಿ ಬರುತ್ತದೆ ಅಂತ ಬರೆಯುತ್ತಾ ಹೋದೆ. ಮನೆಯಿಂದ ಬಂದೆ, ಇಲ್ಲಿ ‘ಫ್ರಮ್’. ಪೆನ್ನಿನಿಂದ ಬರೆದೆ, ಇಲ್ಲಿ ‘ವಿತ್’. ನನ್ನಿಂದ ಆದ ತಪ್ಪು, ಇಲ್ಲಿ ‘ಬೈ’. ಚಳಿಯಿಂದ ನಡುಗಿದೆ, ಮತ್ತೆ ‘ವಿತ್’. ಸೋಮವಾರದಿಂದ ರಜೆ ಇಲ್ಲ, ಇಲ್ಲಿ ‘ಸಿನ್ಸ್’. ಎರಡು ವರ್ಷದಿಂದ ಓದುತ್ತಿದ್ದೇನೆ, ಇಲ್ಲಿ ‘ಫಾರ್’. ಒಂದು ಪ್ರತ್ಯಯ ಒಬ್ಬನೇ ಹೊತ್ತುಕೊಂಡಿದ್ದ ಭಾರವನ್ನು ಇಂಗ್ಲಿಷ್ ಐದು ಜನರಿಗೆ ಹಂಚಿದೆ. ಅಷ್ಟೇ ಅಲ್ಲ, ಎರಡು ವರ್ಷದ ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವ ಕೆಲಸಕ್ಕೆ ಕನ್ನಡದಲ್ಲಿ ‘ಓದುತ್ತಿದ್ದೇನೆ’ ಸಾಕು. ಇಂಗ್ಲಿಷಿಗೆ ‘ಹ್ಯಾವ್ ಬೀನ್’ ಬೇಕು. ‘ಐ ಆಮ್ ರೀಡಿಂಗ್ ಫ್ರಮ್ ಟೂ ಇಯರ್ಸ್’ ಅಂತ ನಮ್ಮ ಬಾಯಿಗೆ ಅಷ್ಟು ಸುಲಭವಾಗಿ ಬರುವುದು ಇದೇ ಕಾರಣಕ್ಕೆ.

ಆವತ್ತಿಂದ ನನ್ನ ಅಭ್ಯಾಸದ ರೀತಿ ಬದಲಾಯಿತು. ಅಲ್ಲಿಯವರೆಗೆ ತಪ್ಪಾದ ಪ್ರಶ್ನೆಯ ಮುಂದೆ ಸರಿ ಉತ್ತರ ಮತ್ತು ನಿಯಮ ಬರೆಯುತ್ತಿದ್ದೆ. ಈಗ ಮೂರನೆಯದೊಂದು ಸೇರಿತು. ಇದೇ ಮಾತನ್ನು ನಾನು ಕನ್ನಡದಲ್ಲಿ ಹೇಗೆ ಹೇಳುತ್ತಿದ್ದೆ? ಪ್ರತಿ ತಪ್ಪಿನ ಪಕ್ಕದಲ್ಲಿ ಒಂದು ಕನ್ನಡ ವಾಕ್ಯ.

ಕೆಲವೇ ವಾರಗಳಲ್ಲಿ ಒಂದೇ ಥರದ ತಪ್ಪುಗಳು ಮತ್ತೆ ಮತ್ತೆ ಕಾಣಲು ಶುರುವಾದವು. ‘ಡಿಸ್ಕಸ್ ಅಬೌಟ್’ ಯಾಕೆ ಸರಿ ಅನ್ನಿಸುತ್ತಿತ್ತು? ಕನ್ನಡದಲ್ಲಿ ‘ಅದರ ಬಗ್ಗೆ’ ಚರ್ಚಿಸುತ್ತೇವೆ. ಆ ‘ಬಗ್ಗೆ’ ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಅನ್ನುವ ಪದದ ಒಳಗೇ ಇದೆ, ಹೊರಗೆ ಇನ್ನೊಂದು ಬೇಡ. ‘ಟೋಲ್ಡ್ ಟು ಹಿಮ್’ ಯಾಕೆ? ‘ಅವನಿಗೆ ಹೇಳಿದೆ’ಯಲ್ಲಿ ‘ಗೆ’ ಇದೆ. ನಮ್ಮಲ್ಲಿ ‘ಹೇಳು’ ಒಂದೇ. ಅಲ್ಲಿ ‘ಸೇ’ಗೆ ‘ಟು’ ಬೇಕು, ‘ಟೆಲ್’ಗೆ ಬೇಡ. ‘ಸೀನಿಯರ್ ದ್ಯಾನ್ ಮಿ’ ಯಾಕೆ? ‘ನನಗಿಂತ ಹಿರಿಯರು’ ಅನ್ನುತ್ತೇವೆ, ‘ಇಂತ’ ಅಂದರೆ ‘ದ್ಯಾನ್’. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್, ಇವೆಲ್ಲ ಲ್ಯಾಟಿನ್‌ನಿಂದ ಬಂದ ಹೋಲಿಕೆಯ ರೂಪಗಳು. ಇಂಗ್ಲಿಷಿಗೆ ಬಂದ ಮೇಲೆ ಅವು ‘ಟು’ ಜೊತೆ ನಿಂತವು. ಇದು ತಿಳಿದ ಮೇಲೆ ಐದು ಪದಗಳನ್ನು ಬೇರೆ ಬೇರೆಯಾಗಿ ನೆನಪಿಡುವ ಕಷ್ಟ ತಪ್ಪಿತು.

ಹೊತ್ತು ಹೇಳುವಾಗ ಇನ್ನೂ ಚಂದದ ಗೊಂದಲ. ‘ಐದು ಗಂಟೆಗೆ ಬಾ’, ‘ಮೇ ತಿಂಗಳಲ್ಲಿ ಬಾ’, ‘ಸೋಮವಾರ ಬಾ’. ನಮಗೆ ಒಂದು ಕಡೆ ‘ಗೆ’, ಒಂದು ಕಡೆ ‘ಅಲ್ಲಿ’, ಇನ್ನೊಂದು ಕಡೆ ಏನೂ ಇಲ್ಲ. ಇಂಗ್ಲಿಷಿಗೆ ‘ಆ್ಯಟ್’, ‘ಇನ್’, ‘ಆನ್’. ಕನ್ನಡದಲ್ಲೂ ಇದಕ್ಕೆ ಯಾರೂ ನಮಗೆ ಕಾರಣ ಹೇಳಿಕೊಟ್ಟಿರಲಿಲ್ಲ, ಅಲ್ವಾ? ಕೇಳಿ ಕೇಳಿ ಬಂತು. ಹಾಗಾಗಿ ಪ್ರೆಪೊಸಿಷನ್‌ಗಳನ್ನು ನಿಯಮದಿಂದ ಕಲಿಯುವುದಕ್ಕಿಂತ ಜಾಸ್ತಿ ಜೋರಾಗಿ ಓದಿ ಕಲಿತೆ. ಸರಿಯಾದ ವಾಕ್ಯವನ್ನು ಹತ್ತು ಸಲ ಬಾಯಿಬಿಟ್ಟು ಹೇಳುವುದು. ಕಿವಿಯನ್ನು ಪಳಗಿಸಲು ನನಗೆ ಬೇರೆ ದಾರಿ ಸಿಗಲಿಲ್ಲ.

ಇಷ್ಟು ಓದಿದವರಿಗೆ ಕನ್ನಡವೇ ಇಂಗ್ಲಿಷಿಗೆ ಅಡ್ಡಿ ಅನ್ನಿಸಬಹುದು. ಶುರುವಿನಲ್ಲಿ ನನಗೂ ಹಾಗೇ ಅನ್ನಿಸಿ ಬೇಜಾರಾಗಿತ್ತು. ‘ಇಂಗ್ಲಿಷಿನಲ್ಲೇ ಯೋಚನೆ ಮಾಡು’ ಅಂತ ಎಲ್ಲರೂ ಹೇಳುತ್ತಾರೆ. ಪ್ರಯತ್ನಪಟ್ಟೆ. ಯೋಚನೆಯೇ ನಿಂತುಹೋಗುತ್ತಿತ್ತು. ಆದರೆ ನೋಟ್‌ಬುಕ್ ತುಂಬುತ್ತಾ ಬಂದ ಹಾಗೆ ಇನ್ನೊಂದು ವಿಷಯ ಕಂಡಿತು. ಕನ್ನಡ ನನ್ನನ್ನು ತಪ್ಪಿಸಿದ ಕಡೆಗಳಷ್ಟೇ, ಕಾಪಾಡುವ ಕಡೆಗಳೂ ಇದ್ದವು. ನಾನು ಅದನ್ನು ಕೇಳಿರಲಿಲ್ಲ, ಅಷ್ಟೇ.

ಸಬ್ಜೆಕ್ಟ್–ವರ್ಬ್ ಅಗ್ರಿಮೆಂಟ್ ತೆಗೆದುಕೊಳ್ಳಿ, ಅಂದರೆ ಕರ್ತೃವಿಗೆ ತಕ್ಕ ಹಾಗೆ ಕ್ರಿಯಾಪದ ಇರಬೇಕು ಅನ್ನುವುದು. ಎರರ್ ಸ್ಪಾಟಿಂಗ್‌ನಲ್ಲಿ ಮತ್ತೆ ಮತ್ತೆ ಬರುವ ವಿಷಯ ಇದು. ‘ದ ಕ್ವಾಲಿಟಿ ಆಫ್ ದ ಪಿಕ್ಚರ್ಸ್ ವರ್ ಪೂರ್.’ ಓದುವಾಗ ‘ಪಿಕ್ಚರ್ಸ್’ ಪಕ್ಕದಲ್ಲೇ ‘ವರ್’ ಇರುವುದರಿಂದ ಸರಿ ಅನ್ನಿಸುತ್ತದೆ. ಇದನ್ನೇ ಕನ್ನಡದಲ್ಲಿ ಹೇಳಿ. ‘ಚಿತ್ರಗಳ ಗುಣಮಟ್ಟ ಕಳಪೆಯಾಗಿತ್ತು.’ ಇಲ್ಲಿ ‘ಚಿತ್ರಗಳು’ ಇಲ್ಲ, ‘ಚಿತ್ರಗಳ’ ಇದೆ. ಷಷ್ಠಿ ವಿಭಕ್ತಿ ಹತ್ತಿದ ಪದ ಕರ್ತೃ ಆಗುವುದಿಲ್ಲ ಅಂತ ನಮಗೆ ಯಾರೂ ಹೇಳಬೇಕಿಲ್ಲ. ‘ಗುಣಮಟ್ಟ’ವೇ ಕ್ರಿಯಾಪದದ ಹತ್ತಿರ ಬಂದು ನಿಂತಿದೆ. ಅದು ಏಕವಚನ. ಹಾಗಾಗಿ ‘ವಾಸ್’. ಎಷ್ಟು ಉದ್ದದ ವಾಕ್ಯ ಕೊಟ್ಟರೂ ನಾನು ಇದನ್ನೇ ಮಾಡುತ್ತಿದ್ದೆ. ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ‘ಅ’ ಹತ್ತಿದ ಪದಗಳನ್ನೆಲ್ಲ ಪಕ್ಕಕ್ಕಿಟ್ಟು, ಉಳಿದದ್ದನ್ನು ನೋಡುವುದು. ‘ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್ ಕಮ್’ ಕೂಡ ಹಾಗೇ. ‘ನನ್ನ ಗೆಳೆಯರಲ್ಲಿ ಒಬ್ಬ ಬಂದಿದ್ದಾನೆ.’ ಗೆಳೆಯರು ಬಹುವಚನ, ಬಂದವನು ಒಬ್ಬ. ಒಂದಿಷ್ಟೂ ವ್ಯತ್ಯಾಸವಿಲ್ಲ.

ಹಾಗಂತ ವಚನದ ವಿಷಯದಲ್ಲಿ ಕನ್ನಡವನ್ನು ಪೂರ್ತಿ ನಂಬುವ ಹಾಗಿಲ್ಲ. ಮಾತಿನಲ್ಲಿ ‘ಹತ್ತು ಪುಸ್ತಕ ಇದೆ’ ಅನ್ನುತ್ತೇವೆ. ಹತ್ತು ಅಂದ ಮೇಲೆ ಮತ್ತೆ ‘ಗಳು’ ಯಾಕೆ ಅನ್ನುವುದು ನಮ್ಮ ಲೆಕ್ಕ. ಇಂಗ್ಲಿಷಿಗೆ ಆ ಸಡಿಲ ಇಲ್ಲ. ಬಹುವಚನದ ‘ಎಸ್’ ಬಿಟ್ಟುಹೋದ ವಾಕ್ಯಗಳು ನನ್ನ ಕಣ್ಣಿಗೆ ಬೀಳದೇ ಇದ್ದದ್ದು ಇದಕ್ಕೇ.

ಇನ್ನು ಆರ್ಟಿಕಲ್‌ಗಳು, ಅಂದರೆ ‘ಎ’, ‘ಆ್ಯನ್’, ‘ದ’. ಕನ್ನಡದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಆದರೆ ‘ಎ’ ಮತ್ತು ‘ಆ್ಯನ್’ ನಡುವಿನ ಗೊಂದಲವನ್ನು ನನಗೆ ಬಿಡಿಸಿಕೊಟ್ಟದ್ದು ಕನ್ನಡ ಲಿಪಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಮೋಸ ಹೋಗುತ್ತೇವೆ. ಅದೇ ಪದವನ್ನು ಕನ್ನಡದಲ್ಲಿ ಬರೆದು ನೋಡಿ. ‘ಅವರ್’, ಶುರುವಿನಲ್ಲಿ ಸ್ವರ, ಹಾಗಾಗಿ ‘ಆ್ಯನ್ ಅವರ್’. ‘ಯೂನಿವರ್ಸಿಟಿ’, ಶುರುವಿನಲ್ಲಿ ‘ಯ’, ವ್ಯಂಜನ, ಹಾಗಾಗಿ ‘ಎ ಯೂನಿವರ್ಸಿಟಿ’. ‘ಎಂಪಿ’ಗೆ ‘ಆ್ಯನ್’, ‘ಯುರೋಪಿಯನ್’ಗೆ ‘ಎ’. ಉಚ್ಚಾರಣೆಯಂತೆ ಬರೆಯುವ ಲಿಪಿ ಕೈಯಲ್ಲಿರುವಾಗ ಇಂಥ ಪ್ರಶ್ನೆಗೆ ಹೆದರಬೇಕಿಲ್ಲ. ಒಂದು ಎಚ್ಚರ ಬೇಕು. ನಾವು ಮಾತಿನಲ್ಲಿ ‘ಎಂಟು’ ಅನ್ನುವುದನ್ನು ‘ಯೆಂಟು’ ಅನ್ನುತ್ತೇವೆ. ಆ ‘ಯ’ವನ್ನು ಇಂಗ್ಲಿಷ್ ಪದಕ್ಕೂ ಸೇರಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ‘ಒನ್’ ಅಂತ ಬರೆದರೂ ಬಾಯಲ್ಲಿ ‘ವನ್’ ಅಂತಲೇ ಹೊರಡುತ್ತದೆ. ಅದಕ್ಕೇ ‘ಎ ಒನ್-ಐಡ್ ಮ್ಯಾನ್’.

‘ದ’ ಎಲ್ಲಿ ಹಾಕಬೇಕು ಅನ್ನುವುದು ನಿಜವಾಗಿಯೂ ಕಷ್ಟ. ಅಲ್ಲೂ ಸಣ್ಣದೊಂದು ಸುಳಿವು ಸಿಕ್ಕಿತು. ‘ಪುಸ್ತಕ ಓದಿದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಓದಿದೆ’ ಅಂದರೆ ಆಗಲೇ ಮಾತಿಗೆ ಬಂದ ಪುಸ್ತಕ ಅನ್ನಿಸುತ್ತದೆ. ಈ ‘ಅನ್ನು’ ಎಲ್ಲ ಕಡೆ ‘ದ’ ಆಗುವುದಿಲ್ಲ. ಆದರೆ ಗೊತ್ತಿರುವ ವಸ್ತುವಿಗೂ ಗೊತ್ತಿಲ್ಲದ ವಸ್ತುವಿಗೂ ಇರುವ ವ್ಯತ್ಯಾಸ ನಮ್ಮ ಭಾಷೆಗೆ ಹೊಸದಲ್ಲ ಅಂತ ಗೊತ್ತಾದಾಗ ನನಗೆ ಸಿಕ್ಕ ಧೈರ್ಯ ಸಣ್ಣದಲ್ಲ.

ವಾಕ್ಯದ ಕೊನೆಗೆ ಸೇರಿಸುವ ಪುಟ್ಟ ಪ್ರಶ್ನೆ, ಕ್ವೆಶ್ಚನ್ ಟ್ಯಾಗ್, ಅದರ ವಿಷಯಕ್ಕೆ ಬಂದರೆ ಕನ್ನಡದ ಸುಖವೇ ಬೇರೆ. ‘ಬರ್ತೀಯ ಅಲ್ವಾ?’, ‘ಅವನು ಬರಲ್ಲ ಅಲ್ವಾ?’, ‘ನಾನು ಲೇಟು ಅಲ್ವಾ?’ ಎಲ್ಲಕ್ಕೂ ಒಂದೇ. ಇಂಗ್ಲಿಷಿನಲ್ಲಿ ಕ್ರಿಯಾಪದ ನೋಡಬೇಕು, ಕರ್ತೃ ನೋಡಬೇಕು, ವಾಕ್ಯ ಹೌದು ಅನ್ನುತ್ತಿದೆಯಾ ಇಲ್ಲ ಅನ್ನುತ್ತಿದೆಯಾ ನೋಡಬೇಕು. ಪರೀಕ್ಷೆಯಲ್ಲಿ ಸಿಕ್ಕಿಹಾಕಿಸುವುದು ಕೊನೆಯದರಲ್ಲಿ. ‘ಹಿ ಹಾರ್ಡ್ಲಿ ಸ್ಪೀಕ್ಸ್’ನಲ್ಲಿ ‘ನಾಟ್’ ಇಲ್ಲ, ಆದರೂ ಅದು ‘ಇಲ್ಲ’ ಅನ್ನುವ ವಾಕ್ಯ. ಹಾಗಾಗಿ ಟ್ಯಾಗ್ ‘ಡಸ್ ಹಿ?’. ಇಲ್ಲಿ ಕನ್ನಡಕ್ಕೆ ತಿರುಗಿಸಿದರೆ ಸತ್ಯ ಹೊರಗೆ ಬರುತ್ತದೆ. ‘ಅವನು ಮಾತಾಡುವುದೇ ಇಲ್ಲ ಅನ್ನಬೇಕು.’ ‘ಫ್ಯೂ’ ಅಂದರೆ ‘ಅಷ್ಟಾಗಿ ಇಲ್ಲ’, ‘ಎ ಫ್ಯೂ’ ಅಂದರೆ ‘ಒಂದಷ್ಟು ಇವೆ’. ‘ಇಲ್ಲ’ ಅನ್ನುವ ಮಾತು ನಮ್ಮಲ್ಲಿ ಅಡಗಿ ಕೂರುವುದು ಕಡಿಮೆ.

ನನ್ನ ಜೊತೆ ಓದುತ್ತಿದ್ದ ಗೆಳತಿಗೆ ‘ನೋ ಸೂನರ್’ ಜೊತೆ ‘ವೆನ್’ ಬರುತ್ತದಾ ‘ದ್ಯಾನ್’ ಬರುತ್ತದಾ ಅಂತ ಸದಾ ಅನುಮಾನ. ‘ಹಾರ್ಡ್ಲಿ’ ಜೊತೆಗೂ ಅದೇ ಅನುಮಾನ. ಎಷ್ಟು ಸಲ ಬಾಯಿಪಾಠ ಮಾಡಿದರೂ ಎರಡನ್ನೂ ಅದಲುಬದಲು ಮಾಡುತ್ತಿದ್ದಳು. ಒಂದು ಸಂಜೆ ಕೇಳಿದೆ.

‘ಸೂನ್ ಅಂದ್ರೆ ಏನೇ?’

‘ಬೇಗ.’

‘ಸೂನರ್?’

‘ಇನ್ನೂ ಬೇಗ.’

‘ಇನ್ನೂ ಬೇಗ ಅಂದ್ರೆ, ಯಾವುದಕ್ಕಿಂತ?’

ಒಂದು ಗಳಿಗೆ ಸುಮ್ಮನಿದ್ದವಳು ‘ಅಯ್ಯೋ, ದ್ಯಾನ್ ಕಣೇ!’ ಅಂದಳು. ಹೋಲಿಕೆ ಇದ್ದಲ್ಲಿ ‘ದ್ಯಾನ್’. ‘ಹಾರ್ಡ್ಲಿ’ಯಲ್ಲಿ ಹೋಲಿಕೆ ಇಲ್ಲ, ಹಾಗಾಗಿ ‘ವೆನ್’. ಆಮೇಲೆ ಅವಳು ತಪ್ಪಿದ್ದನ್ನು ನಾನು ನೋಡಲಿಲ್ಲ. ‘ನೋ ಸೂನರ್’ ವಾಕ್ಯದ ಅರ್ಥಕ್ಕೆ ಕನ್ನಡದಲ್ಲಿ ಎಷ್ಟು ಒಳ್ಳೆಯ ಜೋಡಿ ಇದೆ ನೋಡಿ. ‘ಮನೆ ಸೇರಿದ್ದೇ ತಡ, ಮಳೆ ಶುರುವಾಯಿತು.’ ಅವಳ ಪುಸ್ತಕದಲ್ಲಿ ‘ನೋ ಸೂನರ್’ ಪಕ್ಕ ಈಗಲೂ ‘ಇದ್ದೇ ತಡ’ ಅಂತ ಬರೆದಿದೆ.

ಪದಗಳ ಕಥೆ ಬೇರೆ. ಅಲ್ಲಿ ನಾನು ಹೆಚ್ಚು ಸಮಯ ಹಾಳು ಮಾಡಿಕೊಂಡೆ. ಎಲ್ಲರಂತೆ ‘ಎ’ಯಿಂದ ಶುರುವಾಗುವ ಪಟ್ಟಿ ಹಿಡಿದೆ. ದಿನಕ್ಕೆ ಇಷ್ಟು ಪದ ಅಂತ. ಒಂದು ವಾರ ತಪ್ಪಿದರೆ ಮತ್ತೆ ಮೊದಲಿಂದ. ಹೀಗಾಗಿ ‘ಅಬೇಟ್’, ‘ಅಬ್‌ಹಾರ್’, ‘ಅಬ್‌ಸ್ಟೇನ್’ ನನಗೆ ಚೆನ್ನಾಗಿ ಗೊತ್ತಿದ್ದವು. ‘ಎಂ’ ದಾಟಿದ್ದು ಒಂದೇ ಸಲ. ಆಗ ಕಣ್ಣಿಗೆ ಬಿದ್ದದ್ದು ಎರಡು ಹಳೆಯ ಪಟ್ಟಿಗಳು. 1953ರಲ್ಲಿ ಮೈಕೆಲ್ ವೆಸ್ಟ್ ಅನ್ನುವವರು ಇಂಗ್ಲಿಷ್ ಕಲಿಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದ್ದರು. ಅದರಲ್ಲಿ ಇಲ್ಲದ, ಆದರೆ ಎಲ್ಲ ಓದಿನ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು (ಒಂದು ಪದ ಮತ್ತು ಅದರಿಂದ ಆದ ರೂಪಗಳು ಸೇರಿ ಒಂದು ಕುಟುಂಬ) ಆವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಆರಿಸಿಕೊಟ್ಟರು. ಪಾಠದಂಥ ಬರಹಗಳಲ್ಲಿ ಸುಮಾರು ನೂರಕ್ಕೆ ಹತ್ತು ಪದ ಈ 570ರಿಂದಲೇ ಬರುತ್ತವೆ.

ಆ ಪಟ್ಟಿ ತೆಗೆದು ನೋಡಿದೆ. ಎಲ್ಲ ಗೊತ್ತಿರುವ ಪದಗಳೇ ಅನ್ನಿಸಿತು. ‘ಕನ್ಸಿಸ್ಟ್’, ‘ಕಂಪ್ರೈಸ್’, ‘ಎಂಫಸಿಸ್’. ನಿಧಾನಕ್ಕೆ ನೋಡಿದರೆ ಗೊತ್ತಿರಲಿಲ್ಲ. ‘ಕನ್ಸಿಸ್ಟ್’ಗೆ ‘ಆಫ್’ ಬೇಕು, ‘ಕಂಪ್ರೈಸಸ್’ ಅಂದಾಗ ಬೇಡ. ‘ಎಂಫಸಿಸ್’ ಆದರೆ ‘ಆನ್’ ಬರುತ್ತದೆ, ‘ಎಂಫಸೈಸ್’ ಆದರೆ ಬರುವುದಿಲ್ಲ. ಅಪರೂಪದ ನೂರು ಪದ ಗೊತ್ತಿಲ್ಲದೆ ನಾನು ಕಳೆದುಕೊಂಡ ಅಂಕಗಳಿಗಿಂತ, ಪರಿಚಯ ಇದೆ ಅಂತ ನಂಬಿಕೊಂಡ ಪದಗಳಿಂದ ಕಳೆದುಕೊಂಡದ್ದು ಜಾಸ್ತಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅನ್ನಿಸುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪದ ಒಂಟಿಯಾಗಿ ಬದುಕುವುದಿಲ್ಲ. ನಮ್ಮ ‘ಜೋರು’ ನೋಡಿ. ಜೋರು ಮಳೆ, ಜೋರು ಗಾಳಿ, ಜೋರು ದನಿ, ಜೋರು ಜ್ವರ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ದನಿ ‘ಲೌಡ್’, ಜ್ವರ ‘ಹೈ’. ನಮ್ಮ ‘ಮಾಡು’ ಕೂಡ ಹಾಗೇ. ತಪ್ಪು ಮಾಡಿದರೆ ‘ಮೇಕ್’, ಅಪರಾಧ ಮಾಡಿದರೆ ‘ಕಮಿಟ್’, ಉಪಕಾರ ಮಾಡಿದರೆ ‘ಡೂ’. ಹಾಗಾಗಿ ಪದದ ಅರ್ಥ ಬರೆಯುವುದನ್ನು ಬಿಟ್ಟು, ಅದರ ಪಕ್ಕ ಕೂರುವ ಪದವನ್ನೂ ಸೇರಿಸಿ ಬರೆಯತೊಡಗಿದೆ. ಫಿಲ್ ಇನ್ ದ ಬ್ಲಾಂಕ್ಸ್‌ನಲ್ಲಿ ಇದರಷ್ಟು ಕೈ ಹಿಡಿದದ್ದು ಬೇರೆ ಯಾವುದೂ ಇಲ್ಲ.

ಸಿನಾನಿಮ್‌ಗಳ, ಅಂದರೆ ಸಮಾನಾರ್ಥಕ ಪದಗಳ, ಬಗ್ಗೆ ಒಂದು ಮಾತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಅಲ್ಲಿಗೆ ರಾಶಿ ರಾಶಿ ಬಂದವು. ಓದು ಬರಹದ ದಾರಿಯಲ್ಲಿ ಲ್ಯಾಟಿನ್ ಪದಗಳೂ ಬಂದವು. ಹಾಗಾಗಿ ಒಂದೇ ಕೆಲಸಕ್ಕೆ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟೆರಗೇಟ್’ ಅಂತ ಮೂರು ಮೆಟ್ಟಿಲು. ನಮಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಕೇಳು, ಪ್ರಶ್ನಿಸು, ವಿಚಾರಣೆ ಮಾಡು. ನೀರು ಮತ್ತು ಜಲ ಒಂದೇ ಅಂತ ಬಾಯಾರಿದವರಿಗೆ ‘ಜಲ ಬೇಕಾ?’ ಅಂತ ಕೇಳುತ್ತೇವಾ? ಆಯ್ಕೆಗಳಲ್ಲಿ ಎರಡು ಪದ ಒಂದೇ ಅರ್ಥದವು ಅನ್ನಿಸಿದಾಗ ನಾನು ಇದನ್ನೇ ಕೇಳಿಕೊಳ್ಳುತ್ತಿದ್ದೆ. ಇದರಲ್ಲಿ ನೀರು ಯಾವುದು, ಜಲ ಯಾವುದು?

ಬೇರುಗಳಿಂದ ಪದ ಕಲಿಯುವುದೂ ಒಳ್ಳೆಯದೇ. ‘ಸ್ಪೆಕ್ಟ್’ ಅಂದರೆ ನೋಡು ಅಂತ ಗೊತ್ತಿದ್ದರೆ ಇನ್‌ಸ್ಪೆಕ್ಟ್, ಸ್ಪೆಕ್ಟೇಟರ್, ರೆಟ್ರೊಸ್ಪೆಕ್ಟ್, ಸುತ್ತಲೂ ನೋಡಿ ಹೆಜ್ಜೆಯಿಡುವ ‘ಸರ್ಕಮ್‌ಸ್ಪೆಕ್ಟ್’, ಎಲ್ಲ ಒಂದೇ ಮನೆಯವರು. ಆದರೆ ಬೇರನ್ನು ಕಣ್ಣುಮುಚ್ಚಿ ನಂಬಬೇಡಿ. ‘ಇನ್’ ಅಂದರೆ ‘ಇಲ್ಲ’ ಅಂತಷ್ಟೇ ಹಿಡಿದರೆ ಅರ್ಥ ತಪ್ಪುತ್ತದೆ. ‘ಇನ್‌ವ್ಯಾಲ್ಯುಯಬಲ್’ ಅಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ‘ಇನ್‌ಫ್ಲಾಮಬಲ್’ ಅಂದರೆ ಬೇಗ ಹೊತ್ತಿಕೊಳ್ಳುವಂಥದ್ದು.

ಮರೆವಿನ ಬಗ್ಗೆ ತುಂಬ ತಲೆ ಕೆಡಿಸಿಕೊಳ್ಳುತ್ತಿದ್ದೆ. ಹೆರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ಗಂಟೆಗಳಲ್ಲಿ ಬಹಳಷ್ಟು ಹೋಗಿಬಿಡುತ್ತದೆ, ಆಮೇಲೆ ಹೋಗುವುದು ನಿಧಾನ. ಒಂದೇ ದಿನ ಇಪ್ಪತ್ತು ಸಲ ಓದುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಓದಿದರೆ ಹೆಚ್ಚು ಉಳಿಯುತ್ತದೆ ಅನ್ನುವುದೂ ಅವರಿಗೆ ಕಂಡಿತ್ತು. ನಾನು ಕಾರ್ಡ್ ಮಾಡಿಕೊಂಡೆ. ಒಂದು ಕಡೆ ಬಿಟ್ಟ ಸ್ಥಳ ಇರುವ ವಾಕ್ಯ, ಹಿಂದೆ ಪದ. ಗೊತ್ತಾದರೆ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲ ಡಬ್ಬಿಗೆ. ಮೊದಲ ಡಬ್ಬಿ ದಿನಾ ನೋಡುವುದು, ಕೊನೆಯದನ್ನು ತಿಂಗಳಿಗೊಮ್ಮೆ. ಇದು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದ ಪದ್ಧತಿ. ಮರೆತಾಗ ನನ್ನ ಬಗ್ಗೆ ಸಿಟ್ಟು ಬರುವುದು ನಿಂತಿತು. ಕಾರ್ಡ್ ಮೊದಲ ಡಬ್ಬಿಗೆ ಹೋಗುತ್ತಿತ್ತು, ಅಷ್ಟೇ.

ಕ್ಲೋಜ್ ಟೆಸ್ಟ್ ಬಗ್ಗೆ ಹೇಳದೆ ಹೇಗೆ ಬಿಡಲಿ? ಒಂದು ಪ್ಯಾಸೇಜ್, ನಡುನಡುವೆ ಖಾಲಿ ಜಾಗ. ಇದನ್ನು 1953ರಲ್ಲಿ ವಿಲ್ಸನ್ ಟೇಲರ್ ರೂಪಿಸಿದ್ದು ಜನರ ಬುದ್ಧಿ ಅಳೆಯುವುದಕ್ಕಲ್ಲ. ಒಂದು ಬರಹ ಓದುಗರಿಗೆ ಎಷ್ಟು ಸುಲಭ, ಎಷ್ಟು ಕಷ್ಟ ಅಂತ ತಿಳಿಯುವುದಕ್ಕೆ. ಅಪೂರ್ಣವಾದದ್ದನ್ನು ಮನಸ್ಸು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ ಅನ್ನುವ ವಿಚಾರದಿಂದ, ‘ಕ್ಲೋಷರ್’ ಅನ್ನುವ ಪದದಿಂದ ಆ ಹೆಸರು ಬಂತು. ಇದನ್ನು ಓದಿದ ಮೇಲೆ ನಾನು ಮೊದಲ ಖಾಲಿ ಜಾಗಕ್ಕೆ ಹಾರುವುದನ್ನು ಬಿಟ್ಟೆ. ಆಯ್ಕೆಗಳನ್ನು ನೋಡದೆ ಇಡೀ ಪ್ಯಾಸೇಜ್ ಒಮ್ಮೆ ಓದುತ್ತಿದ್ದೆ. ಬರೆದವರು ಹೊಗಳುತ್ತಿದ್ದಾರಾ, ಎಚ್ಚರಿಸುತ್ತಿದ್ದಾರಾ? ಅದು ತಿಳಿದರೆ ಅರ್ಧ ಜಾಗಗಳು ತಾವೇ ತುಂಬಿಕೊಳ್ಳುತ್ತಿದ್ದವು.

ಆ ಪರೀಕ್ಷೆ ಮುಗಿದು ಕೆಲಕಾಲವಾಯಿತು. ನೋಟ್‌ಬುಕ್ ಇನ್ನೂ ಮುಗಿದಿಲ್ಲ. ಮೊನ್ನೆ ಒಂದು ಇಮೇಲ್ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಬರೆದು, ಕಳಿಸುವ ಮುಂಚೆ ನಿಂತೆ. ‘ಮೀಟಿಂಗ್’ ಆಗಬೇಕು ಅಂತ ಗೊತ್ತಿತ್ತು. ಆದರೆ ಯಾಕೆ? ನೋಟ್‌ಬುಕ್ ತೆಗೆದು ಪಕ್ಕದಲ್ಲಿ ಕನ್ನಡ ಬರೆದೆ. ‘ಭೇಟಿಯಾಗಲು’ ಅಂತ ಒಂದು ಇದೆ, ‘ಭೇಟಿಗೆ’ ಅಂತ ಇನ್ನೊಂದಿದೆ. ಒಂದು ಕ್ರಿಯೆ, ಒಂದು ನಾಮಪದ. ಕನ್ನಡ ಎರಡನ್ನೂ ಬೇರೆ ಬೇರೆ ಇಟ್ಟಿದೆ, ಇಂಗ್ಲಿಷ್ ಎರಡಕ್ಕೂ ಒಂದೇ ‘ಟು’ ಕೊಟ್ಟಿದೆ. ಇಲ್ಲಿರುವುದು ‘ಭೇಟಿಗೆ’ಯ ‘ಟು’. ‘ನಿಮ್ಮ ಭೇಟಿಗೆ ಕಾಯುತ್ತಿದ್ದೇನೆ.’ ಇಮೇಲ್‌ನಲ್ಲಿ ‘ಮೀಟಿಂಗ್’ ಅಂತ ತಿದ್ದಿ ಕಳಿಸಿದೆ.